ವಿರಾಜಪೇಟೆಯಲ್ಲಿ ಓರಾ ಪೆಂಡಲ್

ಇಲ್ಲಿಗೆ ಅವಳು ಮೊದಲು ಬಂದದ್ದು ಮುದುಕಿಯಾಗಿ.
ಹುಣಸೂರು, ತಿತಿಮತಿ, ಗೋಣಿಕೊಪ್ಪ ದಾಟಿ
ಎತ್ತಿನ ಗಾಡಿಯಲ್ಲಿ, ಉಪ್ಪಿನ ಮೂಟೆಗಳ ನಡುವೆ,
ಆರು ತಗಡಿನ ಡಬ್ಬಿಗಳೊಳಗೆ ಸುತ್ತಿಕೊಂಡು.
ಒಂದು ಡಬ್ಬಿಗೆ ತುಕ್ಕು. ಅದರಲ್ಲಿ ಅವಳ ಮದುವೆಯಿತ್ತಂತೆ;
ಹಾಗಾಗಿ ನಮ್ಮವರು ಕಂಡದ್ದು
ನೇರ ವಿಧವೆಯನ್ನೇ.

ಗಡಿಯಾರ ಕಂಬದ ಕೆಳಗಿನ ಬಯಲಲ್ಲಿ ಡೇರೆ.
ಬುಧವಾರ ಸಂತೆ ಕರಗಿದ ಮೇಲೆ ಆಟ.
ನೆಲಕ್ಕೆ ಒಂದಾಣೆ, ಬೆಂಚಿಗೆ ಎರಡು,
ಪರದೆಯ ಹಿಂದೆ ಕೂತರೆ ಅರ್ಧ ಆಣೆ.
ಅಲ್ಲಿ ಓರಾ ಎಡಗೈಯಲ್ಲಿ ಕಣ್ಣೊರೆಸುವಳು,
ಅಕ್ಷರಗಳೆಲ್ಲ ಕನ್ನಡಿಯೊಳಗಿನವು.
ಅಕ್ಷರ ಬಾರದವರಿಗೆ ಅದರಿಂದೇನು ನಷ್ಟ?

ಓದಿ ಹೇಳಲು ಲಾಜರನಿದ್ದ.
ಹಗಲು ಹೊತ್ತು ಕುಪ್ಯ ಹೊಲಿಯುವ ದರ್ಜಿ,
ಚರ್ಚಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು.
ಬಿದಿರುಕೋಲು ಹಿಡಿದು ಪರದೆಯ ಪಕ್ಕ ನಿಂತು
ಅವಳ ಪರವಾಗಿ ಮಾತಾಡುತ್ತಿದ್ದ:
ಕನ್ನಡದಲ್ಲಿ ಶುರು, ಕೊಡವ ತಕ್ಕಿನಲ್ಲಿ ಬೈಗುಳ,
ಮುಂದೆ ಕೂತ ಮಾಪಿಳ್ಳೆ ವ್ಯಾಪಾರಿಗಳಿಗಾಗಿ
ಮಲಯಾಳದಲ್ಲಿ ಒಂದು ನಿಟ್ಟುಸಿರು.
ಓರಾ ಪೆಂಡಲ್ ಎಂದು ಅವನು ಕೂಗಿದರೆ
ಸಂತೆಯ ಕಿವಿಗೆ ಬಿದ್ದದ್ದು ಊರ ಪೊಣ್ಣ್,
ನಮ್ಮೂರ ಹೆಣ್ಣು. ಹಾಗೇ ಉಳಿಯಿತು.

ಚಿತ್ರದಲ್ಲಿ ಅವಳಿಗೊಂದು ಕಾಗದ ಬರುತ್ತದೆ.
ಓದುತ್ತಾಳೆ, ಕುರ್ಚಿ ಹಿಡಿಯುತ್ತಾಳೆ.
ಬೆನ್ನಲ್ಲೇ ಕಪ್ಪಿನ ಮೇಲೆ ಬಿಳಿ ಅಕ್ಷರ:
ಅದೇ ಹೊತ್ತಿಗೆ, ಚಿಕಾಗೋದಲ್ಲಿ.
ಇಷ್ಟೇ.
ಲಾಜರ ಕೆಮ್ಮಿದ. ಗ್ಯಾಸ್ ದೀಪ ಸುಯ್ಯೆನ್ನುತ್ತಿತ್ತು.
"ಅಮ್ಮಾ, ಇಲ್ಲಿ ಬಾಸ್ರಾದಲ್ಲಿ ಬಿಸಿಲು ಜಾಸ್ತಿ.
ನನ್ನ ಬೂಟು ಇನ್ನೊಬ್ಬನಿಗೆ ಕೊಟ್ಟಿದ್ದಾರೆ.
ಕೆಳಗದ್ದೆಯ ಬದು ಈ ಸಲ ನೀನೇ ಕಟ್ಟಿಸು."
ಬೆಂಚುಗಳಲ್ಲಿ ಯಾರೂ ಕಡಲೆಕಾಯಿ ಸುಲಿಯಲಿಲ್ಲ.
ಆಟ ಬಿಟ್ಟ ಮೇಲೆ, ಡೇರೆಯ ಹಗ್ಗದ ಹತ್ತಿರ,
ಹತ್ತು ವರ್ಷದಿಂದ ಅಂಚೆಯವನನ್ನು ಕಾಯುತ್ತಿದ್ದ ಬೊಳ್ಳವ್ವ
ಲಾಜರನ ತೋಳು ಹಿಡಿದಳು:
"ಇನ್ನೇನು ಬರೆದಿದ್ದ?"

ದರ್ಜಿ ಮೂರು ದಿನ ಮಷೀನು ತುಳಿಯಲಿಲ್ಲ.

ಮರುವರ್ಷ ಬಂದಾಗ ಓರಾಗೆ ಮೂವತ್ತು.
ಡೇರೆಯ ಮಾಲೀಕ ಅಗ್ಗದ್ದನ್ನೇ ತರಿಸುವವನು;
ಅಗ್ಗದ್ದೆಂದರೆ ಹಳೆಯದು, ಹಳೆಯದೆಂದರೆ ಅವಳ ಹರೆಯ.
ಬ್ಯಾಂಕಿನವನ ಹೆಂಡತಿ, ನರ್ತಕಿ, ಕುದುರೆಕಳ್ಳನ ತಂಗಿ,
ಒಂದರಲ್ಲಿ ಬರೇ ಬಾಗಿಲು ತೆರೆಯುವ ಕೆಲಸದವಳು,
ಹನ್ನೊಂದು ಸೆಕೆಂಡು.
ಲಾಜರ ಕೊಟ್ಟ ಮಾತು ಅಷ್ಟರಲ್ಲಿ ಹಿಡಿಸಲಿಲ್ಲ;
ಬಾಗಿಲು ಮುಚ್ಚಿದ ಮೇಲೂ ಒಳಗಿನಿಂದ
ಸಂಬಳದ ಬಗ್ಗೆ ಗೊಣಗುತ್ತಲೇ ಇದ್ದಳು.
ಪಾಲಿಬೆಟ್ಟದ ತೋಟದ ದೊರೆಯೊಬ್ಬ
ಅವಳ ಕಾಲ ಮುಗಿಯಿತು, ಮನೆ ಮಾರಿದಳು,
ಪೇಪರಿನಲ್ಲಿತ್ತು ಎಂದ. ಸಂತೆ ನಂಬಲಿಲ್ಲ.
ಎದುರಿಗೇ ಇದ್ದಾಳಲ್ಲ,
ಹೋದ ವರ್ಷಕ್ಕಿಂತ ಚಿಕ್ಕವಳಾಗಿ!

ಆಮೇಲೆ ಮೈಸೂರಿಗೆ ಮಾತಿನ ಚಿತ್ರ ಬಂತು.
ಯಾರದೋ ಮದುವೆ ಕುಪ್ಯದ ಮುಂಗಡ ಮುರಿದು ಲಾಜರ ಹೋದ.
ಅವಳಿಗಿದ್ದದ್ದು ಒಂದೇ ಮಾತು, ಹೋಟೆಲಿನಲ್ಲಿ:
ಬೀಗದ ಕೈ ಇಲ್ಲಿಟ್ಟಿದ್ದೇನೆ, ಸ್ವಾಮಿ.
ನೆಗಡಿಯಾದವಳ ಧ್ವನಿ. ಅವಸರದ್ದು.
ಊರಿಗೆ ಬಂದವನನ್ನು ಕೇಳಿದರೆ
"ಅದು ಬೇರೆ ಯಾರೋ" ಎಂದ.

ಕೊನೆಯ ಡೇರೆ ಕಟ್ಟಿದ್ದು ಹುತ್ತರಿ ಕಳೆದ ವಾರ.
ಒಂದೇ ಡಬ್ಬಿ. ಓರಾಗೆ ಹದಿನಾರು.
ಅವಳ ಮೊದಲ ಚಿತ್ರ.
ಹಾಲಿನ ಕ್ಯಾನು ಹಿಡಿದ ಹುಡುಗಿ
ಹೊಳೆಯನ್ನು ಕಲ್ಲಿಂದ ಕಲ್ಲಿಗೆ ದಾಟುತ್ತಾಳೆ,
ಮೂರನೇ ಕಲ್ಲಿನಲ್ಲಿ ಕಾಲು ಜಾರಿ—
ಫಿಲ್ಮು ಸಿಕ್ಕಿಕೊಂಡಿತು.
ಪರದೆಯ ನಡುವೆ ಕಂದು ಚುಕ್ಕೆ, ಅಂಚು ಸುರುಟಿ
ಹೊಳೆಯನ್ನು ತಿಂದಿತು, ಕ್ಯಾನನ್ನು,
ಕೊನೆಗೆ ಅವಳ ಗಾಬರಿಯ ಬಾಯನ್ನು.
ಮರಳಿನ ಬಕೆಟ್ಟು, ಹೊಗೆ, ಕತ್ತಲು.
ಇಬ್ಬರು ಎದ್ದು ಒಂದಾಣೆ ವಾಪಸು ಕೇಳಿದರು.

ಉಳಿದವರು ಕೂತೇ ಇದ್ದರು, ಎನ್ನುತ್ತಿದ್ದಳು ಚೀಯವ್ವ.
ಆಗ ಅವಳಿಗೆ ಒಂಬತ್ತು.
ಯಾಕೆಂದರೆ ಲಾಜರ ನಿಲ್ಲಿಸಿರಲಿಲ್ಲ.
ಬಟ್ಟೆಯ ಮೇಲೆ ಬಿದಿರುಕೋಲು ಸರಿಯುವ ಸದ್ದು.
"ನೀರು ಸೊಂಟದವರೆಗೆ ಅಷ್ಟೆ. ಎದ್ದಳು.
ಹಾಲು ಹೋಯಿತು, ಹೋಗಲಿ.
ಕ್ಯಾನು ಸಿಕ್ಕಿತು ನೋಡಿ, ಅಗೋ, ಅಲ್ಲಿ—"

ಎಲ್ಲರೂ ಅಲ್ಲಿ ನೋಡಿದರು.